ಜೀರುಂಡೆಯ ಮೂರು ಹೊಸ ಕ್ಯಾಸೆಟ್‌ಗಳು

ಆ ಬುಧವಾರ ಮಧ್ಯಾಹ್ನ ದೇವಕ್ಕ ಕೇಳುವ ಕೋಣೆಯಿಂದ ಹೊರಗೆ ಬಂದಾಗ ಅವರ ಕೈಯಲ್ಲಿದ್ದ ಚೀಟಿಯಲ್ಲಿ ಒಂದಕ್ಷರವೂ ಇರಲಿಲ್ಲ. ಹಾಗೆ ಹಿಂದೆಂದೂ ಆಗಿರಲಿಲ್ಲ. ಮೂವತ್ತೈದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರ ಮಾತನ್ನು ಒಂದು ತೂತಿನಿಂದ ಇನ್ನೊಂದು ತೂತಿಗೆ ದಾಟಿಸಿದ ಹೆಂಗಸು ಅವರು. ಈಗ ನಮ್ಮ ಹೊಸ ಕ್ಯಾಸೆಟ್‌ಗಳನ್ನು ಕೇಳಿ, ಎಷ್ಟನೇ ನಿಮಿಷದಲ್ಲಿ ಕರಕರ ಬಂತು, ಎಲ್ಲಿ ದನಿ ಸೋರಿತು, ಎಲ್ಲಿ ಸದ್ದು ಕಿವಿಗೆ ಚುಚ್ಚಿತು ಎಂದು ಅಚ್ಚುಕಟ್ಟಾಗಿ ಬರೆದುಕೊಡುತ್ತಿದ್ದರು. ಇವತ್ತು ಚೀಟಿಯನ್ನು ನನ್ನ ಮುಂದಿಟ್ಟು, ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು.

“ತಂಗೀ, ಮೂರನೇದರಾಗ ಒಬ್ಬಾಕಿ ಹೆಣ್ಮಗಳದಾಳ,” ಅಂದರು.

“ಅದರಾಗ ಯಾರೂ ಇಲ್ರಿ ದೇವಕ್ಕಾರ. ಬರೇ ಮಷೀನಿನ ಸಪ್ಪಳ ಐತಿ.”

“ಅದಾಳ. ಭಾಳ ನಿಧಾನಕ, ಜಗ್ಗಿ ಜಗ್ಗಿ ಮಾತಾಡ್ತಾಳ. ಮೊದಲ ನಿನ್ನ ಹೆಸರು ಹಿಡದು ಕರದ್ಳು. ಆಮ್ಯಾಲ…”

ನಾನು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡೆ. ದೇವಕ್ಕನ ತುಟಿ ಅಲ್ಲಾಡುವುದು ನಿಂತ ಮೇಲೂ ಕೈ ತೆಗೆಯಲು ಧೈರ್ಯ ಬರಲಿಲ್ಲ.

ನಮ್ಮ ಊರಿನಲ್ಲಿ ಮುದ್ರಿಸಿದ ದನಿ ಒಬ್ಬರ ಕಿವಿಗೆ ಒಂದೇ ಸಲ ಬೀಳುತ್ತದೆ. ಎರಡನೇ ಸಲ ಹಾಕಿದರೆ ಸುರುಳಿ ತಿರುಗುವುದು ಕಾಣುತ್ತದೆ, ಪಕ್ಕದಲ್ಲಿ ಕೂತವರು ತಲೆದೂಗುವುದು ಕಾಣುತ್ತದೆ, ಒಮ್ಮೆ ಕೇಳಿದವರಿಗೆ ಮಾತ್ರ ಏನೂ ಇಲ್ಲ. ಎದುರಿಗೆ ಕೂತು ಆಡಿದ ಮಾತಿಗೆ, ಬಾಯಿಂದ ಹಾಡಿದ ಹಾಡಿಗೆ ಈ ಕಟ್ಟು ಇಲ್ಲ, ಯಂತ್ರದ ದನಿಗಷ್ಟೇ. ಹಾಗಾಗಿ ನಮ್ಮಲ್ಲಿ ಬಸ್ಸಿನಲ್ಲಿ ಹಾಡು ಹಾಕುವುದಿಲ್ಲ, ಅಂಗಡಿಯಲ್ಲಿ ರೇಡಿಯೋ ಇಡುವುದಿಲ್ಲ. ಮನೆಯಲ್ಲಿ ಕ್ಯಾಸೆಟ್ ಹಾಕುವವರು ಮೊದಲು ಬಾಗಿಲಿಗೆ ಕೆಂಪು ವಸ್ತ್ರ ಕಟ್ಟುತ್ತಾರೆ. ಅದನ್ನು ಕಂಡವರು ಆಚೆ ಬದಿಗೆ ದಾಟಿಕೊಳ್ಳುತ್ತಾರೆ. ಮದುವೆಯಾದ ಹೊಸದರಲ್ಲಿ ಗಂಡ ಹೆಂಡತಿ ಒಂದೊಂದೇ ಹಾಡನ್ನು ಒಟ್ಟಿಗೆ ಕೂತು ಕೇಳಿ ಮುಗಿಸುತ್ತಾರೆ. ಒಬ್ಬರು ಕದ್ದು ಮೊದಲೇ ಕೇಳಿದ್ದು ತಿಳಿದರೆ ಆ ಮನೆಯಲ್ಲಿ ಎರಡು ದಿನ ಒಲೆ ಹೊತ್ತುವುದಿಲ್ಲ.

ಅರವತ್ತು ದಾಟುವ ಹೊತ್ತಿಗೆ ಹಾಡೆಂಬ ಹಾಡೆಲ್ಲ ತೀರಿಹೋಗಿರುತ್ತದೆ. ಆಗ ಅವರು ನಮ್ಮ ಬಾಗಿಲಿಗೆ ಬರುತ್ತಾರೆ. ನಾನು ಮತ್ತು ಖಾಜಾಸಾಬ ಕಾಕಾ ಸೇರಿ ನಡೆಸುವ ಸಣ್ಣ ಕಂಪನಿಯ ಹೆಸರು ಜೀರುಂಡೆ. ಹಳೆಯ ಐಸ್ ಫ್ಯಾಕ್ಟರಿಯ ದಪ್ಪ ಗೋಡೆಯ ಕೋಣೆಗಳು ನಮಗೆ ಬೇಕಾದಂತೆಯೇ ಇದ್ದವು. ಒಳಗಿನ ಸದ್ದು ಹೊರಗೆ ಹೋಗದು, ಹೊರಗಿನದು ಒಳಗೆ ಬಾರದು. ಎರಡು ತಿಂಗಳಿಗೊಮ್ಮೆ ಹೊಸ ಕ್ಯಾಸೆಟ್ ಬಿಡುತ್ತಿದ್ದೆವು. ರಾಗ, ತಾಳ, ಪದ ಯಾವುದೂ ಇಲ್ಲ. ಕಾಕಾ ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವರು; ಕೆಟ್ಟ ರೇಡಿಯೋಗಳ ಹೊಟ್ಟೆಯಿಂದ ತೆಗೆದ ಸಾಮಾನಿನಿಂದ ತಾವೇ ಯಂತ್ರ ಕಟ್ಟಿ, ವಿದ್ಯುತ್ತನ್ನು ಹಿಂಡಿ ಸದ್ದು ತೆಗೆಯುತ್ತಿದ್ದರು. ನಮ್ಮ ಗಿರಾಕಿಗಳಲ್ಲಿ ಅತಿ ಹಿರಿಯರಾದ ಗುರುಪಾದಪ್ಪಜ್ಜ ಒಮ್ಮೆ ಹೇಳಿದ್ದರು: “ಹೊಸ ಹಾಡು ಕೇಳಿದ್ರ ಹಳೇದೊಂದು ನೆನಪಾಗಿ ಹೊಟ್ಟಿ ಸುಡತೈತಿ ಮಗಳ. ನಿಮ್ಮ ಸಪ್ಪಳ ಕೇಳಿದ್ರ ಏನೂ ನೆನಪಾಗೂದಿಲ್ಲ. ಮನಸ್ಸು ಹಗರಾಕ್ಕೇತಿ.”

ಈ ಸಲ ಮೂರು ಇದ್ದವು. ಮೊದಲನೆಯದು ‘ನೀರ ಟಾಕಿಯ ಒಳಗೆ’. ಎರಡನೆಯದು ‘ಹನ್ನೊಂದು ಪಂಖ’. ಮೂರನೆಯದಕ್ಕೆ ಕಾಕಾ ‘ಮೋಡ ಇಳಿದದ್ದು’ ಎಂದು ಹೆಸರಿಟ್ಟಿದ್ದರು. ತಮ್ಮ ಕೈಯಿಂದ ಇದಕ್ಕಿಂತ ಒಳ್ಳೆಯದು ಇನ್ನು ಬರಲಾರದು ಎಂದೂ ಹೇಳಿದ್ದರು. ಆದರೆ ಅದನ್ನು ಅವರು ಕೇಳಿರಲಿಲ್ಲ. ಕೇಳಿಬಿಟ್ಟರೆ ತಿದ್ದುವುದಕ್ಕೆ ಕಿವಿ ಉಳಿಯುವುದಿಲ್ಲವಲ್ಲ. ಇಲ್ಲಿನ ಕಸುಬುದಾರರೆಲ್ಲ ಮೀಟರಿನ ಮುಳ್ಳನ್ನು ನೋಡಿಕೊಂಡೇ ಕೆಲಸ ಮಾಡುತ್ತಾರೆ. ಮುಳ್ಳು ಇಷ್ಟು ಏರಿದರೆ ಗುಡುಗು, ಇಷ್ಟು ಇಳಿದರೆ ಪಿಸುಮಾತು. ಎಲ್ಲ ಮುಗಿದ ಮೇಲೆ ದೇವಕ್ಕನಂಥ ಒಬ್ಬರು ಕೇಳಿ ನೋಡುತ್ತಾರೆ.

ಕೈ ಇಳಿಸಿ ಸೀದಾ ಒಳಗಿನ ಕಪಾಟಿಗೆ ಹೋದೆ. ಮೇಲಿನ ಹಲಗೆಯ ಮೇಲೆ, ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದ ನನ್ನ ಅವ್ವನ ಕ್ಯಾಸೆಟ್ ಇರಲಿಲ್ಲ. ಬಟ್ಟೆ ಮಾತ್ರ ಇತ್ತು.

ಇಟ್ಟ ದನಿ ಎಂದು ನಾವು ಅದನ್ನು ಕರೆಯುತ್ತೇವೆ. ಪ್ರತಿ ಮನೆಯಲ್ಲೂ ಒಂದಾದರೂ ಇರುತ್ತದೆ. ವಯಸ್ಸಾದವರು ಯಂತ್ರದ ಮುಂದೆ ಕೂತು ನಾಲ್ಕು ಮಾತು ಆಡುತ್ತಾರೆ. ಯಾರಿಗಾಗಿ ಆಡುವರೋ ಅವರು ಆಗ ಮನೆಯಿಂದ ಹೊರಗೆ ಹೋಗಿರಬೇಕು. ಅವ್ವ ಮಾತಾಡಿದ ದಿನ ನಾನು ಸಂತೆಗೆ ಹೋಗಿ ಕೊತ್ತಂಬರಿ ಹಿಡಿದು ತಿರುಗಾಡಿದ್ದೆ. ವಾಪಸು ಬಂದಾಗ “ಆತು” ಎಂದಷ್ಟೇ ಹೇಳಿ ಕೈಗಿಟ್ಟಿದ್ದಳು. ಮುಂದಿನ ತಿಂಗಳು ಜ್ವರ ಬಂದು ಹೋಗಿಬಿಟ್ಟಳು. ಮೂರು ವರ್ಷವಾಗಿತ್ತು. ಮನೆಯ ಗೋಡೆ ಒದ್ದೆಯಾಗುತ್ತದೆ, ಸುರುಳಿಗೆ ಬೂಸು ಹಿಡಿಯುತ್ತದೆ ಎಂದು ಐಸ್ ಫ್ಯಾಕ್ಟರಿಯ ಒಣ ಕಪಾಟಿನಲ್ಲಿ ಇಟ್ಟಿದ್ದೆ. ಕೆಲವು ದಿನ ಬಹಳ ಕಷ್ಟವಾದಾಗ ಅದನ್ನು ಕೈಯಲ್ಲಿ ಹಿಡಿದು ಮತ್ತೆ ಇಡುತ್ತಿದ್ದೆ. ಇದಕ್ಕಿಂತ ಕಷ್ಟದ ದಿನ ಮುಂದೆ ಬರಬಹುದು, ಅವತ್ತಿಗಿರಲಿ ಎಂದುಕೊಳ್ಳುತ್ತಿದ್ದೆ.

ಖಾಜಾಸಾಬ ಕಾಕಾ ಬೆಸುಗೆ ಹಾಕುತ್ತ ಕೂತಿದ್ದರು. ನಾನು ಖಾಲಿ ಬಟ್ಟೆ ತೋರಿಸಿದೆ. ಅವರಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಮುಖ ಬಿಳಚಿಕೊಂಡಿತು.

“ಚೀಟಿ ಬಿದ್ದುಹೋಗಿತ್ತು ನೀಲವ್ವ. ಬಟ್ಟಿ ಸರದಿತ್ತು. ಹಳೇ ಸಾಮಾನಿನಾಗಿಂದು ಅಂತ ತಿಳಕೊಂಡೆ. ಮುಳ್ಳು ಛಂದ ಕುಣೀತಿತ್ತು… ಅದಕ್ಕ ಎಳದು ಎಳದು ಹನ್ನೊಂದು ನಿಮಿಷ ಮಾಡಿದೆ.”

“ಎಷ್ಟು ಇತ್ತು ಮೊದಲ?”

“ಒಂದು ನಿಮಿಷದ ಮ್ಯಾಲ ಹತ್ತು ಸೆಕೆಂಡು.”

ಮೂರು ವರ್ಷ ನಾನು ಅದನ್ನು ಒಂದು ಗಂಟೆಯದೆಂದು ಭಾವಿಸಿಕೊಂಡಿದ್ದೆ.

ಅವ್ವನ ಕ್ಯಾಸೆಟ್ಟು ಕೆಟ್ಟಿರಲಿಲ್ಲ. ಮೇಜಿನ ಖಾನೆಯಿಂದ ತೆಗೆದು, ಎರಡೂ ಕೈಯಿಂದ ನನಗೆ ಕೊಟ್ಟರು. ಅದನ್ನು ಯಾರೂ ಕೇಳಿರಲಿಲ್ಲ, ಯಂತ್ರಕ್ಕೆ ಮಾತ್ರ ಉಣಿಸಿದ್ದರು. ಆದರೆ ಎಳೆದ ದನಿಯೂ ಅದೇ ದನಿಯೇ ಅಲ್ಲವೇ? ‘ಮೋಡ ಇಳಿದದ್ದು’ ನನ್ನ ಕಿವಿಗೆ ಬಿದ್ದರೆ ಕೈಯಲ್ಲಿರುವ ಇದು ಉಳಿಯುತ್ತದೋ ಇಲ್ಲವೋ? ಕಾಕಾನಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರು ಊರಿನಲ್ಲಿ ಯಾರೂ ಇರಲಿಲ್ಲ.

“ಅರವತ್ತು ಪ್ರತಿ ಆಗ್ಯಾವು,” ಅಂದರು ಕಾಕಾ. “ಹೂಂ ಅನ್ನು, ಈಗಿಂದೀಗ ಎಲ್ಲಾ ಅಳಿಸಿಬಿಡ್ತೇನಿ.” ಅವರ ಬೆರಳುಗಳು ನಡುಗುತ್ತಿದ್ದವು. ಆರು ತಿಂಗಳಿಂದ ನಡುಗುತ್ತಿದ್ದವು. ಇವತ್ತು ಅದನ್ನು ಅಡಗಿಸಲು ಅವರು ನೋಡಲಿಲ್ಲ.

ನಾನು ಹೂಂ ಅನ್ನದೆ ಅವ್ವನ ಕ್ಯಾಸೆಟ್ ಹಿಡಿದು ಮನೆಗೆ ಹೋದೆ. ಗುರುವಾರ ಮನೆಯಲ್ಲೇ ಕೂತೆ. ಶುಕ್ರವಾರ ಬೆಳಿಗ್ಗೆ ಅಳಿಸಿಬಿಡಿ ಎಂದು ಹೇಳಲೆಂದೇ ಹೊರಟೆ. ಐಸ್ ಫ್ಯಾಕ್ಟರಿಯ ಮೆಟ್ಟಿಲ ಮೇಲೆ ಗುರುಪಾದಪ್ಪಜ್ಜ ಕೂತಿದ್ದರು. ಬಿಡುಗಡೆ ಭಾನುವಾರ, ಅವರು ಎರಡು ದಿನ ಮೊದಲೇ ಬಂದಿದ್ದರು.

“ಇವತ್ತು ಸಿಗೂದಿಲ್ರಿ ಅಜ್ಜಾರ.”

“ಗೊತ್ತೈತಿ. ಮನ್ಯಾಗ ಕುಂದರಾಕ ಆಗವಲ್ದು, ಅದಕ್ಕ ಬಂದೆ. ಹೋದ ಸಲ ನಿಮ್ಮ ಮಷೀನ್ ಕೆಟ್ಟು ಏನೂ ಬರಲಿಲ್ಲ ನೋಡು. ನಾಕು ತಿಂಗಳಾತು. ಮನ್ಯಾಗ ಗೋಡಿ ಅದಾವು, ನಾ ಇದೇನಿ.” ಆಮೇಲೆ ನನ್ನ ಮುಖ ನೋಡಿ ಗಾಬರಿಯಾದರು. “ಈ ಸಲಾನೂ ಏನರ ಕೆಟ್ಟೈತೇನು?”

“ಇಲ್ರಿ. ಮೂರೂ ಅದಾವು,” ಅಂದೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ಬಂದ ಮೇಲೆ ಹಿಂದೆ ತೆಗೆದುಕೊಳ್ಳಲಾಗಲಿಲ್ಲ.

ಭಾನುವಾರ ಅರವತ್ತು ಪ್ರತಿಯೂ ಹೋದವು. ಕೊಡುವಾಗಲೇ ನನ್ನ ಕಿವಿಯಲ್ಲಿ ಹತ್ತಿ ಇತ್ತು. ಅದರ ಮೇಲೆ ಮೇಣ, ಮೇಣದ ಮೇಲೆ ಉಣ್ಣೆಯ ಸ್ಕಾರ್ಫ್. ಬಂದವರು ಏನೋ ಹೇಳುತ್ತಿದ್ದರು, ನಾನು ನಕ್ಕು ತಲೆಯಾಡಿಸುತ್ತಿದ್ದೆ.

ಅಲ್ಲಿಂದ ನನ್ನ ದಿನಗಳು ಕೆಟ್ಟವು. ಸೋಮವಾರ ನಮ್ಮ ಓಣಿಯಲ್ಲಿ ನಾಲ್ಕು ಕೆಂಪು ವಸ್ತ್ರ ಎಣಿಸಿದೆ. ಮಂಗಳವಾರ ಏಳು. ಯಾವ ಬಾಗಿಲಿನ ಹಿಂದೆ ‘ಪಂಖ’ ತಿರುಗುತ್ತಿದೆ, ಯಾವುದರ ಹಿಂದೆ ಅವ್ವ ಇದ್ದಾಳೆ ಎಂದು ಹೇಗೆ ತಿಳಿಯಬೇಕು? ಕೊಳದ ಹಿಂದಿನ ದಾರಿ ಹಿಡಿದು ಕೆಲಸಕ್ಕೆ ಹೋದೆ. ಅಡುಗೆ ಮಾಡುವಾಗಲೂ ಹತ್ತಿ ತೆಗೆಯಲಿಲ್ಲ. ಕುಕ್ಕರ್ ಎಷ್ಟು ಸಲ ಕೂಗಿತೋ ತಿಳಿಯದೆ ಬೇಳೆ ಸೀದುಹೋಯಿತು. ಕಿವಿಯೊಳಗೆ ನನ್ನದೇ ರಕ್ತ ಗುಂಯ್ ಅನ್ನುತ್ತಿತ್ತು. ಒಮ್ಮೊಮ್ಮೆ ಅದನ್ನೇ ಆ ದನಿ ಎಂದು ತಿಳಿದು ಬೆವರುತ್ತಿದ್ದೆ. ಇನ್ನೊಂದು ಸಂಗತಿ: ನಮ್ಮ ಮುದುಕರು ನನ್ನನ್ನು ಕಂಡರೆ ಮುಖ ತಪ್ಪಿಸತೊಡಗಿದರು. ಗುರುಪಾದಪ್ಪಜ್ಜ ಪೋಸ್ಟಾಫೀಸಿನ ಎದುರು ನನ್ನನ್ನು ನೋಡಿ, ಕೊಡೆ ಅಡ್ಡ ಹಿಡಿದು ಹೊರಟುಹೋದರು. ಕ್ಯಾಸೆಟ್ ಚೆನ್ನಾಗಿಲ್ಲವೇನೋ, ಸಿಟ್ಟಾಗಿದ್ದಾರೇನೋ ಅಂದುಕೊಂಡೆ. ಅದಕ್ಕಾಗಿಯಾ ನಾನು ಇಷ್ಟು ಕಳೆದುಕೊಳ್ಳಲು ನಿಂತದ್ದು ಎಂದು ದುಃಖವಾಯಿತು.

ಗುರುವಾರ ಹನ್ನೊಂದು ಗಂಟೆಗೆ ಬಸ್ ಸ್ಟ್ಯಾಂಡ್ ಹತ್ತಿರ ರಸ್ತೆ ದಾಟುತ್ತಿದ್ದೆ. ಬಾಗಿಲುಗಳನ್ನೇ ನೋಡುತ್ತಿದ್ದೆನೇ ಹೊರತು ರಸ್ತೆ ನೋಡಿರಲಿಲ್ಲ. ಟೆಂಪೋದವನು ಹಾರ್ನ್ ಹೊಡೆದಿದ್ದನಂತೆ, ಬಾಯಿಬಿಟ್ಟು ಬೈದಿದ್ದನಂತೆ. ನನಗೆ ಗೊತ್ತಾದದ್ದು ಯಾರೋ ಹೆಗಲು ಹಿಡಿದು ಎಳೆದದ್ದು, ಮುಖಕ್ಕೆ ಬಿಸಿಗಾಳಿ ಬಡಿದದ್ದು, ನಾನು ಕಟ್ಟೆಯ ಮೇಲೆ ಬಿದ್ದದ್ದು. ಎಳೆದವರು ಕ್ಷೌರದಂಗಡಿಯ ಸೈದಪ್ಪ. ಅವರ ಕೈತುಂಬ ಸೋಪಿನ ನೊರೆ ಇತ್ತು, ಅದು ನನ್ನ ತೋಳಿಗೂ ಮೆತ್ತಿತ್ತು. ಸ್ಕಾರ್ಫ್ ಎಲ್ಲೋ ಹೋಗಿತ್ತು. ಎಡಗಿವಿಯ ಮೇಣ, ಹತ್ತಿ ಎರಡೂ ಉದುರಿದ್ದವು.

“ಅಕ್ಕಾರ! ಕಣ್ಣು ಎಲ್ಲಿಟ್ಟೀರಿ?” ಎಂದು ಸೈದಪ್ಪ ಕೂಗಿದ್ದು ಕೇಳಿಸಿತು. ಅದರ ಹಿಂದೆ ಇನ್ನೊಂದು ಕೇಳಿಸಿತು.

ಅವರ ಅಂಗಡಿಗೆ ಕೆಂಪು ವಸ್ತ್ರ ಕಟ್ಟಿದ್ದರು. ಗಾಳಿಗೆ ಅದು ಕಂಬಕ್ಕೆ ಸುತ್ತಿಕೊಂಡು ಬರೀ ಹುರಿಯಂತೆ ಕಾಣುತ್ತಿತ್ತು. ಒಳಗೆ ಟೇಪ್ ರೆಕಾರ್ಡರ್ ತಿರುಗುತ್ತಿತ್ತು. ಸೈದಪ್ಪನಿಗೆ ಆಗ ಹೊಳೆಯಿತು. “ಅಯ್ಯೋ, ಅದು ನಿಮ್ಮ…” ಎಂದು ಆರಿಸಲು ಓಡಿದರು.

“ಆರಿಸಬ್ಯಾಡ್ರಿ,” ಅಂದೆ.

ಒಂದು ತುಂಡು ಆಗಲೇ ಕಿವಿಗೆ ಬಿದ್ದಿತ್ತು. ಮುಚ್ಚಿಕೊಂಡರೆ ಅರ್ಧ ಹೋದಂತೆ, ಅರ್ಧ ಉಳಿದಂತೆ. ಉಳಿದದ್ದನ್ನು ಕಾಯುತ್ತ ಇನ್ನೆಷ್ಟು ವರ್ಷ ರಸ್ತೆ ನೋಡದೆ ನಡೆಯಲಿ? ಬಲಗಿವಿಯ ಹತ್ತಿಯನ್ನೂ ಕಿತ್ತೆ. ಅಂಗಡಿಯ ಬಾಗಿಲಲ್ಲಿ ನಿಂತೆ. ಗಲ್ಲಕ್ಕೆ ನೊರೆ ಹಚ್ಚಿಸಿಕೊಂಡ ಗಿರಾಕಿಯೊಬ್ಬ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ ಅಲುಗಾಡದೆ ಕೂತಿದ್ದ.

ಸೈದಪ್ಪ ಸುರುಳಿಯನ್ನು ಮೊದಲಿಗೆ ತಿರುಗಿಸಿ ಮತ್ತೆ ಹಾಕಿದರು. ದೊಡ್ಡದೊಂದು ಗುಂಯ್‌ಗುಟ್ಟುವಿಕೆ ಹೊರಬಂತು. ಗಾಳಿ ಕೊಡದೊಳಗೆ ಹೊಕ್ಕು ಹೊರಳಿದ ಹಾಗೆ. ಅದು ಏರಿತು, ಎಷ್ಟೋ ಹೊತ್ತು ಮೇಲೆಯೇ ನಿಂತಿತು, ಆಮೇಲೆ ಇಳಿಯಿತು. ಅವ್ವ ನನ್ನನ್ನು ಕರೆಯುವಾಗ ‘ನೀ’ಯ ಮೇಲೆ ಏರಿ ‘ಲಾ’ದ ಮೇಲೆ ಇಳಿಯುತ್ತಿದ್ದಳು. ಆ ಏರಿಕೆ ಇದೇ. ಅದರ ಮುಂದೆ ಏನೊಂದೂ ಮಾತಾಗಿ ಕೇಳಲಿಲ್ಲ. ಬಸ್ಸುಗಳ ಸದ್ದು, ನನ್ನ ಎದೆಯ ಸದ್ದು, ನಡುವೆ ಆ ಮೋಡ. ಆಗಲೇ ಕೇಳಿದ್ದ ತುಂಡು ಬಂದಾಗ ಮಾತ್ರ ಏನೂ ಇಲ್ಲ. ಒಂದು ಪದವಾದರೂ ಸಿಕ್ಕೀತೇ ಎಂದು ಉಸಿರು ಹಿಡಿದು ಹುಡುಕಿದೆ. ಹುಡುಕುತ್ತಿರುವಾಗಲೇ ಹನ್ನೊಂದು ನಿಮಿಷ ಮುಗಿಯಿತು. ಟಕ್ ಎಂದು ಗುಂಡಿ ಮೇಲೆದ್ದಿತು.

ಮನೆಗೆ ಬಂದು ಅವ್ವನ ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕಿದೆ. ಗುಂಡಿ ಒತ್ತುವ ಮೊದಲು ಬೇಡಿಕೊಂಡೆ. ಒತ್ತಿದೆ.

ಏನೂ ಇಲ್ಲ. ಸುರುಳಿ ತಿರುಗುತ್ತಿತ್ತು. ಮೀಟರಿನ ಮುಳ್ಳು ಕುಣಿಯುತ್ತಿತ್ತು. ಒಮ್ಮೆ ಜಿಗಿದು ನಿಂತಿತು. ಅಲ್ಲಿ ನನ್ನ ಹೆಸರು. ಆಮೇಲೆ ಚಿಕ್ಕದೊಂದು ಓಟ, ಬಿಡುವು, ಇನ್ನೊಂದು ಓಟ, ಬಹಳ ಹೊತ್ತಿನ ಬಿಡುವು, ಒಂದು ಉದ್ದನೆಯದು, ಕೊನೆಗೆ ಮೂರು ಸಣ್ಣ ಜಿಗಿತ. ಎಪ್ಪತ್ತು ಸೆಕೆಂಡು. ನಾನು ಮೂರು ಸಲ ಹಾಕಿ ಆ ಮುಳ್ಳನ್ನೇ ನೋಡಿದೆ. ನನ್ನ ಅವ್ವ ಮಾತಾಡುತ್ತಿದ್ದಳು, ನಾನು ಕಿವುಡಿಯಂತೆ ಕೂತಿದ್ದೆ.

ಶುಕ್ರವಾರ ಕಾಕಾನಿಗೆ ಹೇಳಿದೆ. ಅವರು ಬೆಸುಗೆಯ ಕಡ್ಡಿಯನ್ನು ಮೇಜಿನ ಮೇಲಿಟ್ಟರು.

“ನೀವಿನ್ನೂ ಕೇಳಿಲ್ಲಲ್ಲ ಕಾಕಾ. ಅವ್ವಂದು ಹಾಕ್ತೇನಿ. ಕೇಳಿ ಹೇಳ್ರಿ.”

“ಬ್ಯಾಡವ್ವ. ಒಮ್ಮೆ ಕೇಳದ ತೊಗೊಂಡೀನಿ, ಇನ್ನೊಮ್ಮೆ ನನ್ನ ಕೈಲಿ ಆಗೂದಿಲ್ಲ. ನನ್ನ ಕಿವೀನೂ ಮೊದಲಿನಂಗ ಇಲ್ಲ, ತಪ್ಪು ಕೇಳಿ ತಪ್ಪು ಹೇಳಿದ್ರ?” ಆಮೇಲೆ ಅಂದರು, “ಇಡೀ ಊರ ಮುದುಕರು ಕೇಳ್ಯಾರ. ಅವರನ್ನ ಕೇಳು.”

ಒಮ್ಮೆ ಕೇಳಿದ ಕ್ಯಾಸೆಟ್ಟಿನಿಂದ ಯಾರಿಗೂ ಉಪಯೋಗವಿಲ್ಲವಾದ್ದರಿಂದ, ಬಿಡುಗಡೆಯ ಮುಂದಿನ ಭಾನುವಾರ ಎಲ್ಲರೂ ತಂದು ನಮಗೆ ಮರಳಿಸುತ್ತಾರೆ. ನಾವು ಪಕ್ಕದ ಪೇಟೆಯವರಿಗೆ ಕಳಿಸುತ್ತೇವೆ. ಆ ಭಾನುವಾರ ನಾನು ಹತ್ತಿ ಇಲ್ಲದೆ ಕೂತಿದ್ದೆ. ಒಬ್ಬೊಬ್ಬರೇ ಬಂದು, ಮೂರನ್ನೂ ಮೇಜಿನ ಮೇಲಿಟ್ಟು, ನನ್ನ ಮುಖ ನೋಡದೆ ಗೋಡೆಯ ಬದಿಗೆ ಸರಿಯುತ್ತಿದ್ದರು. ಗುರುಪಾದಪ್ಪಜ್ಜ ಬಂದಾಗ ಅವರ ಕೈ ಹಿಡಿದುಕೊಂಡೆ.

“ಅಜ್ಜಾರ, ಮೂರನೇದು ಛಲೋ ಆಗಿರಲಿಲ್ಲೇನ್ರಿ?”

ಅಜ್ಜ ದೇವಕ್ಕನ ಕಡೆ ನೋಡಿದರು. “ಅದು ನಿಮ್ಮವ್ವ ಅಂತ ಗೊತ್ತಾತು ಮಗಳ. ಕೇಳಿದವರಿಗೆಲ್ಲಾ ಗೊತ್ತಾತು. ನಿನ್ನ ಮುಂದ ತುಟಿ ಪಿಟಕ್ ಅನಬ್ಯಾಡ್ರಿ ಅಂತ ದೇವಕ್ಕ ಮನಿಮನಿ ತಿರುಗಿ ಎಲ್ಲಾರ ಬಾಯಿ ಕಟ್ಟ್ಯಾಳ. ನನ್ನ ಬಾಯಿ ಹಗರ. ಅದಕ್ಕ ಕೊಡಿ ಅಡ್ಡ ಹಿಡದೆ.”

“ನಂಗ ಈಗ ಏನೂ ಉಳದಿಲ್ಲ,” ಅಂದೆ. “ಹೇಳ್ರಿ.”

ದೇವಕ್ಕ ಎದ್ದು ಬಂದು ನನ್ನ ಎದುರಿನ ಸ್ಟೂಲಿನ ಮೇಲೆ ಕೂತರು.

“‘ನೀಲಾ’ ಅಂದ್ಳು. ಆಮ್ಯಾಲ, ‘ಇದು ತಿರಗಾಕತ್ತೈತೇನು?’ ಅಂತ ಕೇಳಿದ್ಳು.”

“ಯಾರನ್ನ ಕೇಳಿದ್ಳು?”

“ಯಾರಿದ್ರು ಅಲ್ಲೆ? ತನ್ನನ್ನ ತಾನ ಕೇಳಿಕೊಂಡ್ಳು. ‘ಕೆಂಪು ದೀಪ ಹತ್ತೇತಿ, ಅಂದ್ರ ತಿರಗಾಕತ್ತೈತಿ’ ಅಂತ ತಾನ ಹೇಳಿಕೊಂಡ್ಳು.”

“‘ಎದುರಿಗಿದ್ದಾಗ ಬಾಯಿ ಮುಚ್ಚೂದಿಲ್ಲ, ಈಗ ಮಾತ ಬರವಲ್ದು’ ಅಂದಿದ್ದು ಬಿಟ್ಟ್ರಿ ನೋಡ್ರಿ,” ಎಂದು ಹಿಂದಿನಿಂದ ಸೈದಪ್ಪ ಸೇರಿಸಿದರು.

“ಬರತೈತಿ ತಡಿ, ನಾ ಹೇಳಾಕತ್ತೀನಿ.”

“ಭಾಳ ಹೊತ್ತು ಸುಮ್ಮನ ಇದ್ಳು,” ಅಂದರು ಅಜ್ಜ. “ನಾ ಮುಗೀತು ಅಂತ ತಿಳದಿದ್ದೆ. ಆಮ್ಯಾಲ ಗಡಬಡಿಸಿ ಅಂದ್ಳು, ‘ಉಪ್ಪಿನಕಾಯಿ ಭರಣ್ಯಾಗ ಬಿಸೀ ಕೈ ಹಾಕಬ್ಯಾಡ.’”

“ಬಿಸೀ ಕೈ ಅಲ್ರೀ, ಹಸೀ ಕೈ!” ದೇವಕ್ಕ ತಿರುಗಿದರು. “ಹಸೀ ಕೈ ಹಾಕಿದ್ರ ಬೂಸು ಬರತೈತಿ. ಬಿಸೀ ಕೈ ಅಂದ್ರೇನು?”

“ನಾ ಕೇಳಿದ್ದು ಬಿಸಿ.”

“ನಿಮ್ಮ ಹೆಂಡತಿ ನಿಮಗ ಭರಣಿ ಮುಟ್ಟಾಕ ಕೊಟ್ಟಿದ್ದರ ಗೊತ್ತಾಗ್ತಿತ್ತು.”

ಗೋಡೆಯ ಬದಿಗೆ ನಿಂತವರೆಲ್ಲ ಮುಂದೆ ಬಂದರು. ಹಸಿ ಅನ್ನುವವರು ಹೆಚ್ಚಿದ್ದರು. ಬಿಸಿ ಅನ್ನುವವರೂ ನಾಲ್ಕು ಮಂದಿ ಇದ್ದರು. ಒಬ್ಬ ಅಜ್ಜಿ, ಅದು ಉಪ್ಪಿನಕಾಯಿಯೇ ಅಲ್ಲ, ತುಪ್ಪದ ಭರಣಿ ಎಂದು ಹಟ ಹಿಡಿದರು. ನಾನು ಕಣ್ಣು ಒರೆಸಿಕೊಳ್ಳುತ್ತ, ಉಪ್ಪಿನಕಾಯಿಯೇ, ಹಸಿ ಕೈಯೇ, ಚಿಕ್ಕಂದಿನಿಂದ ಅದಕ್ಕೇ ನನಗೆ ಏಟು ಬೀಳುತ್ತಿದ್ದದ್ದು ಎಂದು ಹೇಳಿದೆ. ದೇವಕ್ಕ ಗೆದ್ದವರಂತೆ ಅಜ್ಜನ ಕಡೆ ನೋಡಿದರು.

“ಕಡೀಕ ಮೂರು ಸಣ್ಣ ಸಪ್ಪಳ ಅದಾವಲ್ರಿ, ಅದೇನು?” ಎಂದು ಕೇಳಿದೆ.

“ಕೆಮ್ಮಿದ್ದು,” ಅಂದರು ಸೈದಪ್ಪ.

“ನಕ್ಕಿದ್ದು,” ಅಂದರು ದೇವಕ್ಕ. “ಮೂವತ್ತೈದು ವರ್ಷ ತಂತಿಯಾಗ ಕೇಳೀನಿ. ಕೆಮ್ಮು ಗಂಟಲದಾಗಿಂದ ಬರತೈತಿ. ಇದು ಮೂಗಿನಾಗಿಂದ ಬಂತು. ತನ್ನ ಮಾತಿಗೆ ತನಗ ನಗಿ ಬಂದಿತ್ತು ಆಕಿಗೆ.”

ಖಾಜಾಸಾಬ ಕಾಕಾ ಒಳಗಿನ ಕೋಣೆಯ ಬಾಗಿಲಲ್ಲಿ ಬಂದು ನಿಂತಿದ್ದರು. ಅವರ ಕೈಯಲ್ಲಿ ಬೆಸುಗೆಯ ಕಡ್ಡಿ ಹಾಗೆಯೇ ಇತ್ತು.

“ಇನ್ನೊಮ್ಮೆ ಹೇಳ್ರಿ,” ಅಂದೆ ನಾನು.

ದೇವಕ್ಕ ಸೆರಗು ಸರಿಮಾಡಿಕೊಂಡು, ಎಕ್ಸ್‌ಚೇಂಜಿನ ಕುರ್ಚಿಯಲ್ಲಿ ಕೂತಂತೆ ಬೆನ್ನು ನೆಟ್ಟಗೆ ಮಾಡಿದರು. ಕಣ್ಣು ಮುಚ್ಚಿದರು. ಮೇಲೇರಿ ನಿಂತು, ಆಮೇಲೆ ಇಳಿಯುವ ದನಿಯಲ್ಲಿ “ನೀ…ಲಾ” ಎಂದು ಕರೆದು, ಮೊದಲಿನಿಂದ ಶುರು ಮಾಡಿದರು.